ಬಾಂಬೆ ಮಿಠಾಯಿ ಹುಟ್ಟಿದ್ದು ಹಲ್ಲಿನ ಡಾಕ್ಟರ ತಲೆಯಲ್ಲಿ

ಜಾತ್ರೆಯಲ್ಲಿ ಮಕ್ಕಳು ಹಠ ಹಿಡಿದು ಕೊಡಿಸಿಕೊಳ್ಳುವ ಆ ಹತ್ತಿಯಂಥ ಗುಲಾಬಿ ಮಿಠಾಯಿ ಇದೆಯಲ್ಲ, ಅದರ ಮಶೀನು ಕಂಡುಹಿಡಿದ ಇಬ್ಬರಲ್ಲಿ ಒಬ್ಬ ಹಲ್ಲಿನ ಡಾಕ್ಟರ್. ಹೆಸರು ವಿಲಿಯಂ ಮಾರಿಸನ್. ಊರು ಅಮೆರಿಕದ ಟೆನೆಸ್ಸಿ ರಾಜ್ಯದ ನ್ಯಾಶ್‌ವಿಲ್. ವರ್ಷ 1897.

ಇದನ್ನು ಕೇಳಿದವರೆಲ್ಲ ಒಂದೇ ಜೋಕ್ ಹೊಡೆಯುತ್ತಾರೆ, ಕ್ಲಿನಿಕ್ಕಿಗೆ ಗಿರಾಕಿ ಬರಲಿ ಅಂತ ಮಾಡಿರಬೇಕು ಬಿಡಿ ಅಂತ. ಜೋಕು ಚೆನ್ನಾಗಿದೆ. ಆದರೆ ಅಷ್ಟಕ್ಕೇ ನಕ್ಕು ಮುಂದೆ ಹೋದರೆ ಅಸಲಿ ವಿಷಯ ತಪ್ಪಿಹೋಗುತ್ತದೆ. ಆತ ಹೊಸ ಸಿಹಿಯನ್ನೇನೂ ಕಂಡುಹಿಡಿಯಲಿಲ್ಲ. ಸಕ್ಕರೆ ಮೊದಲೇ ಇತ್ತು, ಸಕ್ಕರೆಯಿಂದ ಎಳೆ ತೆಗೆಯುವುದೂ ಮೊದಲೇ ಇತ್ತು. ಶ್ರೀಮಂತರ ಅಡುಗೆಮನೆಯಲ್ಲಿ ನುರಿತವರು ಗಂಟೆಗಟ್ಟಲೆ ಮಾಡುತ್ತಿದ್ದ ಕೆಲಸವನ್ನು ಒಂದು ಡಬ್ಬಿಗೆ ಒಪ್ಪಿಸಿ, ಬೀದಿಯಲ್ಲಿ ಮಾರುವ ಹಾಗೆ ಮಾಡಿದ್ದು ಹೊಸದು.

ಶುರುವಿನಲ್ಲೇ ಒಂದು ಮಾತು. ನಮ್ಮಲ್ಲಿ ಬಾಂಬೆ ಮಿಠಾಯಿ ಅಂದರೆ ಕೆಲವರಿಗೆ ಬೇರೆಯದೇ ನೆನಪಾಗುತ್ತದೆ. ಉದ್ದ ಕೋಲಿನ ತುದಿಗೆ ಗೊಂಬೆ ಸಿಕ್ಕಿಸಿಕೊಂಡು ಬಂದು, ಅಂಟಂಟು ಮಿಠಾಯಿ ಎಳೆದೆಳೆದು ಮಕ್ಕಳ ಕೈಗೆ ವಾಚು ಕಟ್ಟಿಕೊಡುತ್ತಿದ್ದರಲ್ಲ, ಅದು. ನಾನು ಹೇಳುತ್ತಿರುವುದು ಅದಲ್ಲ. ಪ್ಲಾಸ್ಟಿಕ್ ಕವರಿನೊಳಗೆ ಉಬ್ಬಿಕೊಂಡು ಕೋಲಿಗೆ ನೇತಾಡುತ್ತಿರುತ್ತದಲ್ಲ, ಕಾಟನ್ ಕ್ಯಾಂಡಿ, ಅದರ ಬಗ್ಗೆ.

ಮಾರಿಸನ್ ಹುಟ್ಟಿದ್ದು 1860ರಲ್ಲಿ. ದಂತವೈದ್ಯ ಓದು ಮುಗಿಸಿದ್ದು 1890ರಲ್ಲಿ. ನಾಲ್ಕೇ ವರ್ಷದಲ್ಲಿ ಟೆನೆಸ್ಸಿಯ ದಂತವೈದ್ಯರ ಸಂಘಕ್ಕೆ ಅಧ್ಯಕ್ಷನಾದ ಅಂದಮೇಲೆ ತನ್ನ ಕಸುಬಿನಲ್ಲಿ ಹೆಸರಿದ್ದವನೇ. ಆದರೆ ಒಂದೇ ಕಡೆ ಕೂರುವ ಜಾತಿಯಲ್ಲ. ವಕೀಲಿಕೆಯೂ ಗೊತ್ತಿತ್ತು, ಪುಸ್ತಕವನ್ನೂ ಬರೆಯುತ್ತಿದ್ದ. ಹತ್ತಿಬೀಜದ ಎಣ್ಣೆಯಿಂದ ಹಂದಿಕೊಬ್ಬಿಗೆ ಬದಲಿಯಾಗಿ ಬಳಸುವಂಥ ಜಿಡ್ಡು ತಯಾರಿಸುವ ವಿಧಾನ ಕಂಡುಹಿಡಿದ. ನ್ಯಾಶ್‌ವಿಲ್ ನಗರದ ಕುಡಿಯುವ ನೀರು ಶುದ್ಧ ಮಾಡುವುದಕ್ಕೂ ಒಂದು ರಾಸಾಯನಿಕ ವಿಧಾನ ಹುಡುಕಿದ. ಏನು ಕಂಡರೂ ಬಿಚ್ಚಿ ನೋಡುವವರು ಇರುತ್ತಾರಲ್ಲ, ಆ ಪೈಕಿ.

ಪಾಪ, ಆ ಕಾಲದಲ್ಲಿ ಸಕ್ಕರೆಯಿಂದ ಹಲ್ಲು ಹಾಳಾಗುತ್ತದೆ ಅಂತ ಅವನಿಗೆ ಗೊತ್ತಿರಲಿಲ್ಲವೇನೋ ಅನ್ನುವ ಹಾಗೂ ಇಲ್ಲ. ಬರ್ಲಿನ್‌ನಲ್ಲಿ ಕೆಲಸ ಮಾಡುತ್ತಿದ್ದ ವಿಲೋಬಿ ಮಿಲ್ಲರ್ ಎಂಬ ಅಮೆರಿಕನ್ ದಂತವೈದ್ಯ, ಬಾಯಿಯೊಳಗಿನ ಬ್ಯಾಕ್ಟೀರಿಯಾಗಳು ಸಕ್ಕರೆ ಮತ್ತು ಪಿಷ್ಟವನ್ನು ಆಮ್ಲ ಮಾಡುತ್ತವೆ, ಆ ಆಮ್ಲ ಹಲ್ಲನ್ನು ಕೊರೆಯುತ್ತದೆ ಅಂತ ಪುಸ್ತಕ ಬರೆದು ಹೇಳಿದ್ದು 1890ರಲ್ಲೇ. ಅಂದರೆ ಮಾರಿಸನ್ ಕಾಲೇಜು ಮುಗಿಸಿದ ವರ್ಷವೇ. ದಂತವೈದ್ಯರ ಸಂಘದ ಅಧ್ಯಕ್ಷನ ಕಿವಿಗೆ ಇದು ಬಿದ್ದಿರಲಿಲ್ಲ ಅಂತ ನಂಬುವುದು ಕಷ್ಟ.

ಮಾರಿಸನ್ ಜೊತೆಗಾರ ಜಾನ್ ವಾರ್ಟನ್. ಇವನು ಮಿಠಾಯಿ ಮಾಡುವವನು. ಸಕ್ಕರೆಯ ಸ್ವಭಾವ ಬಲ್ಲವನೊಬ್ಬ, ಸಣ್ಣ ಸಣ್ಣ ಯಂತ್ರಗಳ ಜೊತೆ ದಿನವೂ ಹೆಣಗುವವನೊಬ್ಬ. ಜೋಡಿ ಸರಿಯಾಗೇ ಕೂಡಿತ್ತು ಅನ್ನಿಸುತ್ತದೆ. ಇಬ್ಬರೂ ಸೇರಿ 1897ರ ಡಿಸೆಂಬರಿನಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. 1899ರ ಜನವರಿ 31ರಂದು ಅದು ಸಿಕ್ಕಿತು. ಪೇಟೆಂಟಿನ ಹೆಸರಿನಲ್ಲಿ ಯಾವ ಅಲಂಕಾರವೂ ಇಲ್ಲ, ಬರೀ 'ಕ್ಯಾಂಡಿ ಮಶೀನ್'.

ಇದಕ್ಕೂ ಮೊದಲು ಹೇಗೆ ಮಾಡುತ್ತಿದ್ದರು? ಯುರೋಪಿನ ದೊಡ್ಡ ಮನೆಗಳಲ್ಲಿ ಸಕ್ಕರೆಯನ್ನು ಕಾಯಿಸಿ ಗಟ್ಟಿ ಪಾಕ ಮಾಡಿ, ಅದರಲ್ಲಿ ಫೋರ್ಕ್ ಅದ್ದಿ ಎತ್ತಿ ಗಾಳಿಯಲ್ಲಿ ಬೀಸುತ್ತಿದ್ದರು. ಬೀಸಿದಾಗ ಬೀಳುವ ಎಳೆಗಳನ್ನು ಕೋಲುಗಳ ಮೇಲೋ ಅಚ್ಚಿನ ಮೇಲೋ ಹಿಡಿಯುವುದು. ಇಂಗ್ಲೆಂಡಿನ ಎಲಿಜಬೆತ್ ರ‍್ಯಾಫಲ್ಡ್ ಎಂಬಾಕೆ 1769ರಲ್ಲಿ ತಂದ ಅಡುಗೆ ಪುಸ್ತಕದಲ್ಲಿ, ಸಿಹಿತಿಂಡಿಯ ಮೇಲೆ ಹೊದಿಸುವುದಕ್ಕೆ ಸಕ್ಕರೆಯ ಬೆಳ್ಳಿ ಬಲೆ, ಚಿನ್ನದ ಬಲೆ ನೇಯುವ ಕ್ರಮ ಬರೆದಿದ್ದಾಳೆ. ನೋಡಲು ಚೆಂದ, ಮಾಡಲು ಪ್ರಾಣಸಂಕಟ. ಪಾಕ ಸ್ವಲ್ಪ ಆರಿದರೆ ಎಳೆ ಬರಲ್ಲ, ಸ್ವಲ್ಪ ಹೆಚ್ಚು ಕಾದರೆ ಕಹಿ. ಕೈ ಸುಟ್ಟುಕೊಳ್ಳುವುದು ಬೇರೆ.

ನಮ್ಮ ಕಡೆಯ ದಾರಿ ಇನ್ನೊಂದು. ಸಂಜೆ ಹೊತ್ತು ಗಂಟೆ ಬಾರಿಸುತ್ತ ಬರುವ ಗಾಡಿಯ ಸೋನ್ ಪಾಪ್ಡಿ ತಿಂದಿರುತ್ತೀರಿ. ಇರಾನಿನ ಪಶ್ಮಕ್, ಚೀನಾದ ಡ್ರ್ಯಾಗನ್ ಗಡ್ಡ, ಟರ್ಕಿಯ ಪಿಶ್ಮಾನಿಯೆ ಎಲ್ಲವೂ ಇದೇ ಕುಟುಂಬ. ಇಲ್ಲಿ ಬೀಸುವುದಿಲ್ಲ, ಎಳೆಯುತ್ತಾರೆ. ಪಾಕ ಅರ್ಧ ಆರಿ ಮೇಣದ ಹದಕ್ಕೆ ಬಂದಾಗ ಉಂಗುರದ ಹಾಗೆ ಮಾಡಿ, ಹಿಟ್ಟಿನಲ್ಲಿ ಹೊರಳಿಸುತ್ತ ಎಳೆಯುವುದು, 8ರ ಆಕಾರಕ್ಕೆ ತಿರುಚಿ ಮಡಿಸುವುದು, ಮತ್ತೆ ಎಳೆಯುವುದು. ಒಂದು ಮಡಿಕೆಗೆ ಎರಡು ಎಳೆ, ಎರಡಕ್ಕೆ ನಾಲ್ಕು, ಮೂರಕ್ಕೆ ಎಂಟು. ಹದಿಮೂರು ಮಡಿಕೆಯಾಗುವಷ್ಟರಲ್ಲಿ 8,192 ಎಳೆ! ಹಿಟ್ಟು ಯಾಕೆ ಅಂದರೆ ಒಂದಕ್ಕೊಂದು ಅಂಟಬಾರದು ಅಂತ. ಸೋನ್ ಪಾಪ್ಡಿಯಲ್ಲಿ ಕಡಲೆಹಿಟ್ಟಿನ ಘಮ ಇರುವುದೂ ಅದಕ್ಕೇ. ಬಾಂಬೆ ಮಿಠಾಯಿಯನ್ನು ಇದರ ತಮ್ಮ ಅಂತ ಕೆಲವರು ಹೇಳುತ್ತಾರೆ, ನನಗೇನೋ ಅದು ಒಪ್ಪಿಗೆಯಿಲ್ಲ. ಕೊನೆಗೆ ಎರಡೂ ಎಳೆಯೇ ಇರಬಹುದು, ಆದರೆ ಅಲ್ಲಿಗೆ ಬಂದ ದಾರಿ ಪೂರ್ತಿ ಬೇರೆ.

ಈಗ ಮಶೀನಿಗೆ ಬರೋಣ. ಮುಂದಿನ ಸಲ ಜಾತ್ರೆಯಲ್ಲೋ ಮೈಸೂರು ದಸರಾ ವಸ್ತುಪ್ರದರ್ಶನದಲ್ಲೋ ಕಣ್ಣಿಗೆ ಬಿದ್ದರೆ ಐದು ನಿಮಿಷ ನಿಂತು ನೋಡಿ. ದೊಡ್ಡ ಬೋಗುಣಿ. ಅದರ ನಡುವೆ ಒಂದು ಚಿಕ್ಕ ಡಬ್ಬಿ. ಆಟವೆಲ್ಲ ಆ ಡಬ್ಬಿಯದೇ. ಅಂಗಡಿಯವನು ಅದರೊಳಕ್ಕೆ ಒಂದು ಚಮಚ ಸಕ್ಕರೆ ಸುರಿಯುತ್ತಾನೆ. ನೀರಿಲ್ಲ, ಪಾಕವಿಲ್ಲ, ಒಣ ಸಕ್ಕರೆ. ಡಬ್ಬಿ ಕಾದಿರುತ್ತದೆ ಮತ್ತು ಜೋರಾಗಿ ತಿರುಗುತ್ತಿರುತ್ತದೆ. ಸಕ್ಕರೆ ಅಂಚಿಗೆ ಹೋಗಿ ಬಿಸಿಗೆ ತಗುಲಿ ಕರಗಿ, ಅಂಚಿನ ಸಣ್ಣ ಸಣ್ಣ ಕಿಂಡಿಗಳಿಂದ ಚಿಮ್ಮುತ್ತದೆ. ಚಿಮ್ಮಿದ್ದು ಬೋಗುಣಿಯ ಗೋಡೆ ಮುಟ್ಟುವುದರೊಳಗೆ ಗಟ್ಟಿಯಾಗಿ ಎಳೆಯಾಗಿರುತ್ತದೆ. ಕಡ್ಡಿ ಆಡಿಸಿದರೆ ಸುತ್ತಿಕೊಳ್ಳುತ್ತದೆ. ಪುಡಿ ಮಾಡಿದ ಸಕ್ಕರೆ ಹಾಕಿದರೆ ಇದು ನಡೆಯಲ್ಲ, ಕರಗುವ ಮೊದಲೇ ಧೂಳಾಗಿ ಹಾರಿಹೋಗುತ್ತದೆ. ಅದಕ್ಕೇ ಕಾಳು ಸಕ್ಕರೆಯೇ ಬೇಕು.

ಎಷ್ಟು ಜೋರು? ಅಂಗಡಿಗಳಲ್ಲಿ ಬಳಸುವ ವಿದ್ಯುತ್ ಮಶೀನುಗಳು ನಿಮಿಷಕ್ಕೆ ಸುಮಾರು 3,400 ಸುತ್ತು ತಿರುಗುತ್ತವೆ. ಡಬ್ಬಿಯ ಅಡ್ಡಳತೆ 10 ಸೆಂಟಿಮೀಟರ್ ಅಂತಿಟ್ಟುಕೊಂಡು ಲೆಕ್ಕ ಹಾಕಿ. ಅದರ ಅಂಚು ಗಂಟೆಗೆ 60 ಕಿಲೋಮೀಟರಿಗೂ ಜಾಸ್ತಿ ವೇಗದಲ್ಲಿ ಓಡುತ್ತಿರುತ್ತದೆ, ಅಂಚಿನಲ್ಲಿರುವ ಸಕ್ಕರೆಯ ಮೇಲೆ ಅದರ ತೂಕದ 600 ಪಟ್ಟಿಗೂ ಹೆಚ್ಚು ಸೆಳೆತ ಬೀಳುತ್ತದೆ. ಕರಗಿದ ಸಕ್ಕರೆ ನೀರಿನಂತೆ ತೆಳ್ಳಗಿರುವುದಿಲ್ಲ, ಜಿಗುಟು. ಹಾಗಾಗಿ ಅದು ಹನಿಹನಿಯಾಗಿ ಸಿಡಿಯದೆ ದಾರವಾಗಿ ಎಳೆದುಕೊಳ್ಳುತ್ತದೆ. ಫೋರ್ಕ್ ಬೀಸುತ್ತಿದ್ದ ಕೈ ಮಾಡುತ್ತಿದ್ದುದೂ ಇದನ್ನೇ, ಆದರೆ ಯಾವ ಕೈಗೆ ಈ ಶಕ್ತಿ ಬರಬೇಕು ಹೇಳಿ.

ಮಾರಿಸನ್ ಮತ್ತು ವಾರ್ಟನ್ ಬಿಡಿಸಿದ ಗಂಟು ಇನ್ನೊಂದಿದೆ. ನನಗೆ ಹೆಚ್ಚು ಇಷ್ಟವಾಗುವುದೂ ಅದೇ. ಸಕ್ಕರೆ ಕರಗುವುದು ಸುಮಾರು 186 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಕೆಂಪಾಗಿ ಸೀಯುವುದಕ್ಕೆ ಶುರುವಾಗುವುದೂ ಅದರ ಆಸುಪಾಸಿನಲ್ಲೇ. ಬಾಣಲೆಯಲ್ಲಿ ಒಣ ಸಕ್ಕರೆ ಕರಗಿಸಲು ಹೋದವರಿಗೆ ಗೊತ್ತು, ಕರಗಿತು ಅನ್ನುವಷ್ಟರಲ್ಲಿ ಬಣ್ಣ ತಿರುಗಿರುತ್ತದೆ. ಈ ಡಬ್ಬಿಯಲ್ಲಾದರೆ ಅಂಚಿಗೆ ಬರುವ ಒಂದಿಷ್ಟು ಸಕ್ಕರೆ ಮಾತ್ರ ಕರಗುತ್ತದೆ, ಕರಗಿದ ಕ್ಷಣವೇ ಹೊರಗೆ ಹೋಗುತ್ತದೆ. ಸೀಯುವುದಕ್ಕೆ ಪುರುಸೊತ್ತೇ ಇರಲ್ಲ.

ಹೊರಗೆ ಬಂದಮೇಲೆ ಆಗುವುದು ಇನ್ನೂ ಸ್ವಾರಸ್ಯ. ಸಕ್ಕರೆಯ ಕಾಳು ಒಂದು ಹರಳು. ಅದರೊಳಗೆ ಅಣುಗಳು ಸಾಲುಸಾಲಾಗಿ ಲೆಕ್ಕವಾಗಿ ಜೋಡಿಸಿಕೊಂಡಿರುತ್ತವೆ. ಕರಗಿದಾಗ ಸಾಲು ಚದುರುತ್ತದೆ. ನಿಧಾನವಾಗಿ ಆರಿಸಿದರೆ, ಅದರಲ್ಲೂ ಪಾಕದಲ್ಲಿ ನೀರಿದ್ದು ಕೈಯಾಡಿಸುತ್ತಿದ್ದರೆ, ಮತ್ತೆ ಸಾಲು ಕಟ್ಟಿ ಹರಳಾಗಬಹುದು. ಆದರೆ ಇಲ್ಲಿ ಕೂದಲಿನಷ್ಟು ತೆಳ್ಳಗಿನ ಎಳೆ ಗಾಳಿಗೆ ಬಿದ್ದ ಕೂಡಲೇ ತಣ್ಣಗಾಗುತ್ತದೆ. ಮಕ್ಕಳು ಸ್ಟ್ಯಾಚ್ಯೂ ಆಟ ಆಡುವಾಗ ಒಬ್ಬ ಕೂಗಿದ ತಕ್ಷಣ ಓಡುತ್ತಿದ್ದವರೆಲ್ಲ ಇದ್ದಲ್ಲೇ, ಇದ್ದ ಭಂಗಿಯಲ್ಲೇ ನಿಂತುಬಿಡುತ್ತಾರಲ್ಲ, ಅಣುಗಳ ಪಾಡೂ ಹಾಗೇ. ಸಾಲು ಕಟ್ಟುವುದಕ್ಕೆ ಸಮಯ ಸಿಗಲಿಲ್ಲ, ಚದುರಿದ ಹಾಗೇ ಗಟ್ಟಿಯಾದವು. ವಿಜ್ಞಾನದ ಭಾಷೆಯಲ್ಲಿ ಇಂಥ ಘನವಸ್ತುವಿಗೆ ಗಾಜು ಅನ್ನುತ್ತಾರೆ. ಹೌದು, ಬಾಂಬೆ ಮಿಠಾಯಿ ಅಂದರೆ ಸಕ್ಕರೆಯ ಗಾಜಿನ ಎಳೆಗಳ ಉಂಡೆ.

ಮಳೆಗಾಲದಲ್ಲಿ ಅದು ಯಾಕೆ ಕುಗ್ಗಿ ಅಂಟಂಟಾಗಿ ಗಟ್ಟಿ ಮುದ್ದೆಯಾಗುತ್ತದೆ ಅನ್ನುವುದಕ್ಕೂ ಉತ್ತರ ಇಲ್ಲೇ ಇದೆ. ಒಣ ಸಕ್ಕರೆಯ ಗಾಜು ಮೆತ್ತಗಾಗಬೇಕಾದರೆ 60 ಡಿಗ್ರಿಗೂ ಹೆಚ್ಚು ಬಿಸಿ ಬೇಕು. ಆದರೆ ಗಾಳಿಯ ತೇವ ಹೀರಿಕೊಂಡರೆ ಆ ಮಟ್ಟ ದಡಬಡ ಇಳಿಯುತ್ತದೆ. ನೂರಕ್ಕೆ ಮೂರು ನಾಲ್ಕು ಭಾಗ ನೀರು ಸೇರಿದರೆ ಸಾಕು, ನಮ್ಮ ಮನೆಯ ಮಾಮೂಲಿ ಬಿಸಿಗೇ ಎಳೆ ಮೆತ್ತಗಾಗಿ ಒಂದಕ್ಕೊಂದು ಅಂಟುತ್ತದೆ. ಅಂಟಿದ ಮೇಲೆ ಅಣುಗಳಿಗೆ ಓಡಾಡುವ ಅವಕಾಶ ಸಿಕ್ಕಿತಲ್ಲ, ಮತ್ತೆ ಹರಳಾಗುತ್ತವೆ. ಮರುದಿನ ಕವರು ಬಿಚ್ಚಿದರೆ ಸಿಗುವ ಆ ಕರಕರ ಗಂಟು ವಾಪಸ್ ಹರಳಾದ ಸಕ್ಕರೆ. ಆಷಾಢದಲ್ಲಿ ಮಂಗಳೂರಿನಲ್ಲೋ ಆಗುಂಬೆಯಲ್ಲೋ ಇದನ್ನು ಕಟ್ಟಿಸಿಕೊಂಡು ಮನೆಗೆ ತರುವ ಯೋಚನೆ ಬಿಟ್ಟುಬಿಡಿ, ಮಶೀನಿನ ಪಕ್ಕದಲ್ಲೇ ನಿಂತು ತಿಂದು ಮುಗಿಸಿ.

ಅಂದಹಾಗೆ ಒಂದು ಕಡ್ಡಿಗೆ ಎಷ್ಟು ಸಕ್ಕರೆ ಹೋಗುತ್ತದೆ? ಸಾಧಾರಣ ಗಾತ್ರದ್ದಾದರೆ 25ರಿಂದ 30 ಗ್ರಾಂ. ಅಷ್ಟು ದೊಡ್ಡ ಉಂಡೆಗೆ ಇಷ್ಟೇನಾ ಅನ್ನಿಸಬಹುದು, ಮಿಕ್ಕಿದ್ದೆಲ್ಲ ಗಾಳಿ ಸ್ವಾಮಿ. 300 ಮಿಲಿಲೀಟರ್ ಕೋಲಾದಲ್ಲಿ ಇದಕ್ಕಿಂತ ಒಂದು ತೂಕ ಜಾಸ್ತಿಯೇ ಸಕ್ಕರೆ ಇರುತ್ತದೆ, ಅದನ್ನು ಕುಡಿಯುವಾಗ ಯಾರೂ ಹಲ್ಲಿನ ಡಾಕ್ಟರ ಜೋಕ್ ಮಾಡಲ್ಲ. ಇನ್ನೊಂದು ಲೆಕ್ಕ ನೋಡಿ. ಎಳೆಯ ದಪ್ಪ 50 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗ ಅಂತಿಟ್ಟುಕೊಂಡರೆ, 25 ಗ್ರಾಂ ಸಕ್ಕರೆಯ ಎಳೆಯನ್ನು ಒಂದಕ್ಕೊಂದು ಸೇರಿಸಿ ಉದ್ದಕ್ಕೆ ಹಾಸಿದರೆ ಎಂಟು ಕಿಲೋಮೀಟರ್ ದಾಟುತ್ತದೆ. ಬೆಂಗಳೂರಿನ ಮೆಜೆಸ್ಟಿಕ್ಕಿನಿಂದ ಹೊರಟು ಜಯನಗರ ಮುಟ್ಟಬಹುದು. ಬಾಯಿಗಿಟ್ಟ ತಕ್ಷಣ ಮಾಯವಾಗುವುದು ಇದಕ್ಕೇ. ತೂಕ ಕಮ್ಮಿ, ಮೈ ದೊಡ್ಡದು, ಎಂಜಲು ಎಲ್ಲ ಕಡೆಯಿಂದಲೂ ಒಟ್ಟಿಗೇ ತಾಗುತ್ತದೆ.

ಹಲ್ಲಿನ ಮಾತು ಬಂದಾಗಲೂ ಈ ಮಾಯವಾಗುವ ಗುಣ ಲೆಕ್ಕಕ್ಕೆ ಬರುತ್ತದೆ. ಹಲ್ಲು ಹುಳುಕಾಗಲು ಸಕ್ಕರೆ ಎಷ್ಟು ತಿಂದಿರಿ ಅನ್ನುವುದರ ಜೊತೆಗೆ, ಅದು ಬಾಯಲ್ಲಿ ಎಷ್ಟು ಹೊತ್ತು ನಿಂತಿತು, ದಿನಕ್ಕೆ ಎಷ್ಟು ಸಲ ತಿಂದಿರಿ ಅನ್ನುವುದೂ ಮುಖ್ಯ. ಹಲ್ಲಿನ ಸಂದಿಗೆ ಮೆತ್ತಿಕೊಂಡು ಕೂರುವ ಟಾಫಿ, ಅರ್ಧ ಗಂಟೆ ಚೀಪುವ ಲಾಲಿಪಾಪ್ ಇದಕ್ಕಿಂತ ದೊಡ್ಡ ಖಳರು. ಮಾರಿಸನ್ ಇದನ್ನೆಲ್ಲ ಯೋಚಿಸಿಯೇ ಮಾಡಿದ ಅಂತ ನಾನು ಹೇಳಲ್ಲ. ಸುಮ್ನೆ ಆತನನ್ನು ಬೈಯುವ ಮೊದಲು ಇದೊಂದು ಗೊತ್ತಿರಲಿ.

ಪೇಟೆಂಟು ಸಿಕ್ಕಿತು ಸರಿ, ಜನಕ್ಕೆ ತಲುಪಿದ್ದು ಯಾವಾಗ? 1904ರಲ್ಲಿ ಸೇಂಟ್ ಲೂಯಿಸ್ ನಗರದಲ್ಲಿ ನಡೆದ ವಿಶ್ವ ಮೇಳದಲ್ಲಿ. ಏಪ್ರಿಲ್ ಕೊನೆಯಿಂದ ಡಿಸೆಂಬರ್ 1ರವರೆಗೆ ನಡೆದ ಆ ಮೇಳಕ್ಕೆ ಸುಮಾರು 2 ಕೋಟಿ ಜನ ಬಂದಿದ್ದರು. ಇವರ ಕಂಪನಿಯ ಹೆಸರು ಎಲೆಕ್ಟ್ರಿಕ್ ಕ್ಯಾಂಡಿ ಮಶೀನ್ ಕಂಪನಿ, ತಿಂಡಿಗೆ ಇಟ್ಟ ಹೆಸರು ಫೇರಿ ಫ್ಲಾಸ್. ಆ 'ಎಲೆಕ್ಟ್ರಿಕ್' ಅನ್ನುವುದನ್ನು ಈಗ ನಾವು ಗಮನಿಸುವುದೇ ಇಲ್ಲ. ಆಗ ಕರೆಂಟು ಅನ್ನುವುದೇ ನೋಡುವಂಥ ವಸ್ತು. ನಮ್ಮಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹೋಗಿದ್ದು 1902ರಲ್ಲಿ, ಬೆಂಗಳೂರಿನ ಬೀದಿ ದೀಪ ಹತ್ತಿದ್ದು 1905ರಲ್ಲಿ. ಅದರ ನಡುವಿನ ವರ್ಷ ಇದು. ತಿನ್ನುವ ಮೊದಲೇ ಅರ್ಧ ದುಡ್ಡು ವಸೂಲಾಗುವಂಥ ತಮಾಷೆ ಅಂಗಡಿಯ ಮುಂದೆ ನಡೆಯುತ್ತಿತ್ತು.

ಬೆಲೆಯೇನೂ ಕಮ್ಮಿಯಿರಲಿಲ್ಲ. ಒಂದು ಡಬ್ಬಿಗೆ 25 ಸೆಂಟ್. ಇಡೀ ಮೇಳದ ಟಿಕೆಟ್ಟೇ 50 ಸೆಂಟ್, ಅಂದರೆ ಒಂದು ಹಿಡಿ ಸಕ್ಕರೆ ಗಾಳಿಗೆ ಮೇಳದ ಟಿಕೆಟ್ಟಿನ ಅರ್ಧ ದುಡ್ಡು! ಆದರೂ 68,655 ಡಬ್ಬಿ ಹೋದವು. ಗುಣಿಸಿ ನೋಡಿದರೆ 17 ಸಾವಿರ ಡಾಲರಿಗೂ ಮೇಲೆ. ಕಚ್ಚಾ ಮಾಲು ಬರೀ ಸಕ್ಕರೆ. ಇದಕ್ಕಿಂತ ಒಳ್ಳೆ ವ್ಯಾಪಾರ ಬೇಕಾ?

ಪೇಟೆಂಟಿನ ಅವಧಿ ಮುಗಿದ ಮೇಲೆ ಬೇರೆಯವರೂ ಕೈಹಾಕಿದರು. 1921ರಲ್ಲಿ ಲೂಸಿಯಾನಾದ ಜೋಸೆಫ್ ಲಾಸ್ಕೊ ಎಂಬವನು ಇಂಥದ್ದೇ ಮಶೀನು ಮಾಡಿದ, ಕಾಟನ್ ಕ್ಯಾಂಡಿ ಅನ್ನುವ ಹೆಸರು ಅವನದ್ದು ಅನ್ನುತ್ತಾರೆ. ಅವನ ಕಸುಬೇನು ಗೊತ್ತಾ? ಅವನೂ ಹಲ್ಲಿನ ಡಾಕ್ಟರೇ. ಹಳೆ ಮಶೀನುಗಳು ಗಡಗಡ ಅಲುಗಿ ಕೆಟ್ಟು ಕೂರುತ್ತಿದ್ದವು. ಸಿನ್ಸಿನಾಟಿಯ ಗೋಲ್ಡ್ ಮೆಡಲ್ ಕಂಪನಿ 1949ರಲ್ಲಿ ಅಡಿಗೆ ಸ್ಪ್ರಿಂಗ್ ಕೊಟ್ಟ ಮಶೀನು ತಂದಮೇಲೆ ಆ ರಗಳೆ ಮುಗಿಯಿತು. ಅಲ್ಲಿಂದಾಚೆಗೆ ಹೇಳುವಂಥ ದೊಡ್ಡ ಬದಲಾವಣೆಯಿಲ್ಲ. ಗ್ಯಾಸ್ ಒಲೆ ಇಟ್ಟು ಕಾಲಲ್ಲಿ ತುಳಿದು ತಿರುಗಿಸಿದರೂ ಒಳಗಿನ ತತ್ವ ಅದೇ.

ಈ ತತ್ವ ಮಿಠಾಯಿಗಷ್ಟೇ ಸೀಮಿತವಲ್ಲ. ಎಸಿ ಪೈಪು, ಕಟ್ಟಡದ ಚಾವಣಿಗೆ ಹೊದಿಸುವ ಹಳದಿ ಗಾಜಿನ ಉಣ್ಣೆ ನೋಡಿದ್ದೀರಲ್ಲ, ಕರಗಿಸಿದ ಗಾಜನ್ನು ತೂತುಗಳಿರುವ ತಿರುಗುವ ಡ್ರಮ್ಮಿನಿಂದ ಹೊರಗೆ ಚಿಮ್ಮಿಸಿಯೇ ಅದನ್ನು ಮಾಡುತ್ತಾರೆ. ಇನ್ನೂ ಮಜಾ ಅಂದರೆ, ಮಾರಿಸನ್ ಊರಾದ ನ್ಯಾಶ್‌ವಿಲ್‌ನಲ್ಲೇ ಇರುವ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಲಿಯಾನ್ ಬೆಲ್ಲನ್ ಎಂಬ ಎಂಜಿನಿಯರ್, ಅಂಗಡಿಯಿಂದ ಸುಮಾರು 40 ಡಾಲರಿನ ಕಾಟನ್ ಕ್ಯಾಂಡಿ ಮಶೀನು ತಂದು ಪ್ರಯೋಗ ಶುರುಮಾಡಿದರು. ಕೃತಕ ಅಂಗಾಂಶ ಬೆಳೆಸುವವರಿಗೆ ಒಂದು ದೊಡ್ಡ ತಲೆನೋವಿದೆ. ಜೀವಕೋಶಗಳನ್ನು ದಪ್ಪಗೆ ಪೇರಿಸಿದರೆ ನಡುವಿನವಕ್ಕೆ ಆಮ್ಲಜನಕ, ಆಹಾರ ತಲುಪದೆ ಸಾಯುತ್ತವೆ. ಒಳಗೆ ಕೂದಲಿನಂಥ ರಕ್ತನಾಳದ ಜಾಲ ಬೇಕು. ಬೆಲ್ಲನ್ ಮತ್ತು ಜೊತೆಯವರು ಬಿಸಿಯಲ್ಲಿ ಗಟ್ಟಿಯಿದ್ದು ತಣಿದರೆ ಕರಗುವ ಒಂದು ಪಾಲಿಮರ್‌ನ ಎಳೆಗಳನ್ನು ಇದೇ ಥರ ನೂತು, ಅದರ ಸುತ್ತ ಕೋಶಗಳಿರುವ ಜೆಲಾಟಿನ್ ತುಂಬಿ, ಆಮೇಲೆ ತಣಿಸಿ ಎಳೆಗಳನ್ನು ಕರಗಿಸಿ ತೆಗೆದರು. ಎಳೆ ಇದ್ದಲ್ಲಿ ಸಣ್ಣ ನಾಳಗಳು ಉಳಿದವು. ಅವುಗಳಲ್ಲಿ ದ್ರವ ಹರಿಸಿ ಕೋಶಗಳನ್ನು ಒಂದು ವಾರಕ್ಕೂ ಹೆಚ್ಚು ಕಾಲ ಜೀವಂತ ಇಟ್ಟರು. 2016ರಲ್ಲಿ ಈ ಫಲಿತಾಂಶ ಪ್ರಕಟವಾಯಿತು.

ಇಷ್ಟೆಲ್ಲ ಹೇಳಿ ಬಣ್ಣದ ವಿಷಯ ಬಿಟ್ಟರೆ ತಪ್ಪಾಗುತ್ತದೆ. ಸಕ್ಕರೆಯ ಎಳೆ ತಾನಾಗಿ ಬಿಳಿ. ಗುಲಾಬಿ ನಾವು ಬಳಿದದ್ದು. 2024ರ ಫೆಬ್ರವರಿಯಲ್ಲಿ ಪುದುಚೇರಿ, ಅದರ ಹಿಂದೆಯೇ ತಮಿಳುನಾಡು ಇದರ ಮಾರಾಟ ನಿಲ್ಲಿಸಿದವು, ರೋಡಮಿನ್-ಬಿ ಸಿಕ್ಕಿತು ಅಂತ. ಅದು ಬಟ್ಟೆ, ಕಾಗದಕ್ಕೆ ಹಾಕುವ ಬಣ್ಣ. ತಿನ್ನುವ ವಸ್ತುವಿಗೆ ಹಾಕುವುದಕ್ಕೆ ನಮ್ಮ ದೇಶದಲ್ಲಿ ಅನುಮತಿಯೇ ಇಲ್ಲ. ಅಗ್ಗ, ಚಿಟಿಕೆ ಹಾಕಿದರೂ ಕಣ್ಣು ಕುಕ್ಕುತ್ತದೆ, ಅದಕ್ಕೇ ಬಳಸುತ್ತಾರೆ. ಕರ್ನಾಟಕದಲ್ಲೂ ಅಧಿಕಾರಿಗಳು ಮಾದರಿ ತೆಗೆದು ಪರೀಕ್ಷೆ ಮಾಡಿಸಿದರು. ಬಾಂಬೆ ಮಿಠಾಯಿಯ 25 ಮಾದರಿಗಳಲ್ಲಿ 15, ಗೋಬಿ ಮಂಚೂರಿಯ 171ರಲ್ಲಿ 107 ಅಸುರಕ್ಷಿತ ಅಂತ ಬಂತು. ಮಾರ್ಚ್ 11ರಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರು ಎರಡಕ್ಕೂ ಕೃತಕ ಬಣ್ಣ ಹಾಕುವಂತಿಲ್ಲ ಅಂತ ಪ್ರಕಟಿಸಿದರು. ಮೀರಿದರೆ ಏಳು ವರ್ಷ ಜೈಲು, 10 ಲಕ್ಷ ರೂಪಾಯಿವರೆಗೆ ದಂಡ.

ಬಹಳ ಜನ ಬಾಂಬೆ ಮಿಠಾಯಿಯೇ ಬ್ಯಾನ್ ಆಯಿತು ಅಂದುಕೊಂಡರು. ಹಾಗಲ್ಲ. ನಿಂತದ್ದು ಬಣ್ಣ, ಬಿಳಿಯದನ್ನು ಮಾರುವುದಕ್ಕೆ ಅಡ್ಡಿಯಿಲ್ಲ. ತೊಂದರೆ ಏನೆಂದರೆ ಮಕ್ಕಳ ಕಣ್ಣಿಗೆ ಬೀಳುವುದು ಗುಲಾಬಿ, ಬಿಳಿ ಇಟ್ಟರೆ ಗಾಡಿಯ ಕಡೆ ತಿರುಗಿಯೂ ನೋಡಲ್ಲ, ದಿನವಿಡೀ ಕೋಲು ಹೊತ್ತು ತಿರುಗುವ ಮನುಷ್ಯನ ಹೊಟ್ಟೆಪಾಡಿಗೆ ಹೊಡೆತ ಬೀಳುವುದು ಅಲ್ಲೇ. ತಪ್ಪು ಅವನೊಬ್ಬನದ್ದೇ ಅಂತ ನನಗೆ ಅನ್ನಿಸಲ್ಲ. ಪೊಟ್ಟಣದ ಮೇಲೆ ಏನೂ ಬರೆಯದೆ ಬಣ್ಣ ಮಾರುವವರು ಹಿಂದೆ ಇದ್ದೇ ಇರುತ್ತಾರೆ. ಆದರೆ ಮಶೀನು ಕಣ್ಣೆದುರಿಗೇ ಇದ್ದರೆ ಕೇಳುವುದು ಸುಲಭ. ಅಣ್ಣಾ, ಬಣ್ಣ ಬೇಡ, ಬರೀ ಸಕ್ಕರೆ ಹಾಕಿ ಮಾಡಿಕೊಡಿ ಅಂದರೆ ಆಯಿತು. ಹಿಂದಿನ ಸುತ್ತಿನ ಗುಲಾಬಿ ಡಬ್ಬಿಯ ಅಂಚಿಗೆ ಅಂಟಿರುವುದರಿಂದ ಮೊದಲ ಒಂದೆರಡು ಎಳೆ ತಿಳಿ ಗುಲಾಬಿಯೇ ಬರಬಹುದು, ಅದನ್ನು ತೆಗೆದುಹಾಕಿ ಆಮೇಲೆ ಸುತ್ತಿಕೊಡಲು ಹೇಳಿ.